ದಾರಿ ತೋರಿಸಲು ಹೋದವನು

ಕಳಸದ ಮೇಲಿನ ಗುಡ್ಡಗಳಲ್ಲಿ ನಕ್ಸಲರ, ಪೊಲೀಸರ ಬಂದೂಕಿನ ಕಾಲ ಮುಗಿದ ಮೇಲೆ ಜನ ಹೇಗೆ ಬದುಕುತ್ತಿದ್ದಾರೆ ಎಂಬುದು ಸಿದ್ದೀಕಾಳ ಪಿಎಚ್.ಡಿ. ವಿಷಯ. ಆಲ್ದೂರಿನ ಮೆಕ್ಯಾನಿಕ್ ಒಬ್ಬರ ಮಗಳು. ಅಪ್ಪನ ಹಳೇ ಸ್ಕೂಟರಿನಲ್ಲೇ ಹಳ್ಳಿ ಹಳ್ಳಿ ಸುತ್ತುತ್ತಿದ್ದಳು.

ಗುಡ್ಡದ ಹಳ್ಳಿಯೊಂದರಲ್ಲಿ ಒಂಟಿಯಾಗಿದ್ದ ದೇವೀರಮ್ಮ ಕಾಣೆಯಾದ ಗಂಡನ ಬಗ್ಗೆ ಬಾಯಿ ಬಿಡಲು ಬಹಳ ದಿನ ಹಿಡಿಯಿತು.

"ದಾರಿ ತೋರ್ಸು ಬಾ ಅಂತ ಕರೆದ್ರು, ಇವ್ರು ಹೋದ್ರು. ಪೊಲೀಸ್ರೂ ಬೂಟು ಹಾಕ್ತಿದ್ರು, ಕಾಡಿನವ್ರೂ ಬೂಟೇ. ಆ ಮಳೆ ಕತ್ತಲೆಲಿ ಯಾರು ಅಂತ ಹೇಳ್ಲಿ ಮಗಾ? ಪೊಲೀಸ್ರು ನಾವಲ್ಲ ಅಂದ್ರು. ಕಾಡಿನವ್ರನ್ನ ಎಲ್ಲಿ ಹೋಗಿ ಕೇಳೋದು?"

ಮತ್ತೆ ಅಂದರು: "ಈಗ್ಲೂ ತೋಟದಲ್ಲಿ ನನ್ನ ಹಿಂದೆ ಯಾರೋ ನಡ್ದಂಗೆ ಆಗ್ತದೆ. ತಿರುಗಿದ್ರೆ ತರಗೆಲೆ."

ಮುಂದಿನ ತಿಂಗಳು ಸಿದ್ದೀಕಾ ಚಿಕ್ಕಮಗಳೂರಿನಲ್ಲಿ ಶಿವಯ್ಯನನ್ನು ಕಂಡಳು. ಕಾಡಿನಿಂದ ಬಂದು ಶರಣಾಗಿ, ಜೈಲು ಮುಗಿಸಿ, ಈಗ ಕಾಫಿ ಮೂಟೆ ಹೊರುತ್ತಿದ್ದವನು. ಹೇಳಿದ್ದು ಯಾರಿಗೂ ತಿಳಿಯುವುದಿಲ್ಲ ಎಂದು ಮಾತು ಕೊಟ್ಟ ಮೇಲೆಯೇ ಅವನು ಬಾಯಿಬಿಟ್ಟ.

"ಗುರುವಯ್ಯ ಅಂತ ಒಬ್ರನ್ನ ಕರ್ಕಂಡು ಹೋಗಿದ್ವಿ. ಹಳ್ಳ ದಾಟುವಾಗ ಜಾರಿದ್ರು, ಬಂಡೆಗೆ ತಲೆ ಬಡೀತು. ಬೆಳಕು ಹರಿಯೋ ಮುಂಚೆ ಹೋದ್ರು. ಅಲ್ಲೇ ಮಣ್ಣು ಮಾಡಿದ್ವಿ."

ಗುರುವಯ್ಯ ಎಂದರೆ ದೇವೀರಮ್ಮನ ಗಂಡ. ಇದನ್ನು ಅವರಿಗೆ ಹೇಳಲೇ ಎಂದು ಸಿದ್ದೀಕಾ ತನ್ನ ಪಿಎಚ್.ಡಿ. ಗೈಡನ್ನು ಕೇಳಿದಳು.

"ಕೊಟ್ಟ ಮಾತು ಮುರಿದರೆ ನಾಳೆ ನಮ್ಮ ಹತ್ತಿರ ಯಾರೂ ಮಾತಾಡೋದಿಲ್ಲ" ಎಂದರು ಗೈಡ್. ಅದು ಸರಿಯೇ. ಆದರೆ ಅಂದಿನಿಂದ ಘಾಟಿಯ ತಿರುವುಗಳಲ್ಲಿ ಸ್ಕೂಟರಿನ ಹಿಂದಿನ ಸೀಟು ಭಾರವಾದಂತೆ ಅನ್ನಿಸತೊಡಗಿತು. ಕನ್ನಡಿಯಲ್ಲಿ ನೋಡಲು ಅಂಜುತ್ತಿದ್ದಳು. ಕೊನೆಗೆ ಮತ್ತೆ ಶಿವಯ್ಯನ ಬಳಿ ಹೋದಳು.

"ನಾನು ಹೇಳಲ್ಲ. ನೀವು ಹೇಳ್ಬೋದಲ್ವಾ? ಅವ್ರ ಹೆಂಡ್ತಿ ಇನ್ನೂ ಇದಾರೆ."

"ಮತ್ತೆ ಕೇಸಾಗ್ತದೆ."

"ಆಗ್ಬೋದು. ಆಗಲ್ಲ ಅಂತ ನಾನು ಹೇಳಲ್ಲ."

ಶಿವಯ್ಯ ಎದ್ದು ಮೂಟೆ ಹೊರಲು ಹೋದ.

ಭಾನುವಾರ ಅವನೇ ದೇವೀರಮ್ಮನ ಮನೆಗೆ ಬಂದ; ಸಿದ್ದೀಕಾಳೂ ಅಲ್ಲಿದ್ದಳು. ಅಂಗಳದಲ್ಲಿ ನಿಂತು ಎಲ್ಲವನ್ನೂ ಹೇಳಿದ. ದೇವೀರಮ್ಮ ಅಳಲಿಲ್ಲ.

"ಹೋಗುವಾಗ ಏನಾದ್ರೂ ಅಂದ್ರಾ?"

"ಬೆಳಗಾದ್ರೆ ಬಿಟ್ಬಿಡಿ, ಮನೇಲಿ ಅವಳೊಬ್ಳೇ ಇದಾಳೆ ಅಂದ್ರು."

ದೇವೀರಮ್ಮ ಕಂಬ ಹಿಡಿದುಕೊಂಡರು. ಆಮೇಲೆ ಅಂದರು: "ಜಗಲಿ ಹತ್ಬೇಡ. ಜಾಗ ತೋರ್ಸು."

ಶಿವಯ್ಯ ಮುಂದೆ, ಇವರಿಬ್ಬರು ಹಿಂದೆ ಕಾಡು ಹತ್ತಿದರು. ಆದರೆ ಇಷ್ಟು ವರ್ಷದ ಮಳೆಗೆ ಹಳ್ಳ ತನ್ನ ಜಾಗವನ್ನೇ ಬದಲಿಸಿತ್ತು. ಶಿವಯ್ಯ ಇಲ್ಲಿ ಎಂದ, ಅಲ್ಲ ಅಲ್ಲಿ ಎಂದ, ಕೊನೆಗೆ ತಲೆಯ ಮೇಲೆ ಕೈಹೊತ್ತು ಕೂತುಬಿಟ್ಟ.

ದೇವೀರಮ್ಮ ನೀರಿನಂಚಿಗೆ ಹೋದರು. ಮದುವೆಯಾದಂದಿನಿಂದ ಒಮ್ಮೆಯೂ ಬಾಯಿಂದ ತೆಗೆಯದಿದ್ದ ಹೆಸರನ್ನು ಗಟ್ಟಿಯಾಗಿ ಕೂಗಿದರು.

"ಗುರುವಯ್ಯಾ... ಬೆಳಗಾಯ್ತು. ಬನ್ನಿ, ಮನೆಗೆ ಹೋಗಣ."

ಕೂಗು ಎದುರು ಗುಡ್ಡಕ್ಕೆ ತಾಗಿ ಮರಳಿತು. ಅವರು ಸೆರಗು ಬಿಗಿದುಕೊಂಡು, ತಿರುಗಿ ನೋಡದೆ ಇಳಿಯತೊಡಗಿದರು.

ಸಂಜೆ ಸಿದ್ದೀಕಾ ಬಸ್ಸಿಗೆ ಬಿಡಲು ಕರೆತರುತ್ತಿದ್ದಾಗ, ಪೇಟೆಯಲ್ಲಿ ಶಿವಯ್ಯ ಸ್ಕೂಟರ್ ನಿಲ್ಲಿಸಲು ಹೇಳಿದ. ಬಸ್ ಸ್ಟ್ಯಾಂಡಿನ ಕಡೆ ಹೋಗಲಿಲ್ಲ. ರಸ್ತೆ ದಾಟಿ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದ.