ತೊಳೆದ ಮರಳು

"ಅದನ್ನ ಮುಟ್ಟಬೇಡ, ವಾಟ್ಸೆ."

ಎರಡನೆಯ ಬಕೆಟ್ಟಿನ ಹಿಡಿಕೆಗೆ ಕೈ ಹಾಕಿದ್ದ ವಾಟ್ಸೆ ಹಾಗೆಯೇ ನಿಂತ. ಮೊದಲನೆಯದು ಖಾಲಿಯಾಗಿ ಅವನ ಕಾಲ ಬಳಿ ಉರುಳಿತ್ತು. ಮುಂಬಾಗಿಲ ಮೆಟ್ಟಿಲುಗಳ ಮೇಲೆ ಗಟ್ಟಿಯಾಗಿದ್ದ ಮಂಜಿನ ಮೇಲೆಲ್ಲ ಬೆಳ್ಳನೆಯ ನುಣುಪು ಮರಳು ಹರಡಿತ್ತು.

"ಜಾರುತ್ತೆ ಅತ್ತಿಗೆ. ಆರು ಜನ ಪೆಟ್ಟಿಗೆ ಹೊತ್ಕೊಂಡು ಇಳೀಬೇಕು. ಅಣ್ಣನ್ನ ಮೆಟ್ಟಿಲ ಮೇಲೆ ಬೀಳಿಸಿದ್ರೆ ಊರವರು ಸಾಯೋವರೆಗೂ ಆಡ್ಕೋತಾರೆ."

"ಅದು ಮೀನಿನ ತೊಟ್ಟಿಗೆ ಅಂತ ತೊಳೆದಿಟ್ಟಿದ್ದು."

"ಶೆಡ್‌ನಲ್ಲಿತ್ತು. ಮರಳು ಅಂದ್ರೆ ಮರಳೇ ಅಲ್ವಾ ಅಂದ್ಕೊಂಡೆ."

"ಒಂಬತ್ತು ನೀರಲ್ಲಿ ತೊಳೆದಿದ್ದ ನಿಮ್ಮಣ್ಣ."

ವಾಟ್ಸೆ ತಲೆ ತಗ್ಗಿಸಿದ. ರೆನ್ಸ್ಕೆಗೆ ಸಿಟ್ಟೇನೂ ಬರಲಿಲ್ಲ. ಶನಿವಾರ ಬೆಳಿಗ್ಗೆ ಗಂಡ ಫೆಡ್ಡೆ ತನ್ನ ಕಾಫಿ ಆರುವ ಮೊದಲೇ ಕುರ್ಚಿಯಲ್ಲಿ ಹೋಗಿಬಿಟ್ಟಿದ್ದ. ಅಂದಿನಿಂದ ಅವಳಿಗೆ ಸಿಟ್ಟೂ ಇಲ್ಲ, ಅಳುವೂ ಇಲ್ಲ. ಬಂದವರು ಕೈ ಹಿಡಿದರೆ ಹಿಡಿಸಿಕೊಳ್ಳುತ್ತಿದ್ದಳು, ಬಿಟ್ಟರೆ ಬಿಡುತ್ತಿದ್ದಳು. ಈಗ ಉಳಿದ ಬಕೆಟ್ಟನ್ನು ಮುಚ್ಚಳ ಸಮೇತ ಎತ್ತಿ, ನೀರು ತುಳುಕದ ಹಾಗೆ ನಿಧಾನವಾಗಿ ನಡೆದು, ಅಡುಗೆಮನೆಯ ಮೇಜಿನ ಕೆಳಗೆ ಇಟ್ಟಳು.

ಮುಂದಿನ ಕೋಣೆಯಲ್ಲಿ ಐದು ದಿನದಿಂದ ಹೀಟರ್ ಹಾಕಿರಲಿಲ್ಲ. ಫೆಡ್ಡೆ ಅಲ್ಲಿ ಪೆಟ್ಟಿಗೆಯಲ್ಲಿ ಮಲಗಿದ್ದ. ಅವನ ಎದುರು ಗೋಡೆಗೆ, ಮೊಳಕ್ಕಿಂತ ತುಸು ಉದ್ದದ ಗಾಜಿನ ತೊಟ್ಟಿ ದೀಪ ಹಚ್ಚಿಕೊಂಡು ಕೂತಿತ್ತು. ಇಡೀ ಕೋಣೆಯಲ್ಲಿ ಬೆಚ್ಚಗಿದ್ದದ್ದು ಅದೊಂದೇ. ತೊಟ್ಟಿಯ ತಳದಲ್ಲಿ ಮುಕ್ಕಾಲು ಭಾಗ ಬಿಳಿ ಮರಳು, ಬಲ ಮೂಲೆಯ ಕಾಲು ಭಾಗ ಮಾತ್ರ ಇನ್ನೂ ಕಪ್ಪು ಜಲ್ಲಿ. ಆ ಕೊನೆಯ ಪಟ್ಟಿ ತೆಗೆಯುವುದು ಇವತ್ತು, ಗುರುವಾರ, ಎಂದು ಅವನು ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದ.

*

ಹನ್ನೊಂದು ವರ್ಷದ ಹಿಂದೆ ಆ ಜಲ್ಲಿಯ ತೊಂದರೆಯನ್ನು ಮೊದಲು ಕಂಡವಳು ಅವಳೇ. ತಳದಲ್ಲಿ ಮೂತಿಯಾಡಿಸಿಕೊಂಡು ಮೇಯುವ ಆರು ಪುಟ್ಟ ಮೀಸೆ ಮೀನುಗಳಿದ್ದವು.

"ಫೆಡ್ಡೆ, ಇವುಗಳ ಮೀಸೆ ಸವೆದುಹೋಗಿದೆ ನೋಡು. ಜಲ್ಲಿ ಚುಚ್ಚುತ್ತೆ ಅನ್ಸುತ್ತೆ. ಮರಳು ಹಾಕಬಾರದಾ?"

"ಜಲ್ಲಿ ಇಲ್ದೆ ಗಿಡ ನಿಲ್ಲಲ್ಲ."

"ಗಿಡಕ್ಕೆ ಮೀಸೆ ಇಲ್ಲವಲ್ಲ."

ಅವನು ಪತ್ರಿಕೆಯ ಹಾಳೆ ಮಗುಚಿದ. ಮೂವತ್ತೆಂಟು ವರ್ಷ ಕಾಲುವೆಯ ಸೇತುವೆ ಎತ್ತಿ ಇಳಿಸಿದವನು. ಇಂಥ ದೋಣಿಗೆ ಇಂಥ ಹೊತ್ತು ಎಂದರೆ ಮುಗಿಯಿತು, ಎಷ್ಟು ಹಾರ್ನ್ ಹೊಡೆದರೂ ಕೇಳುವವನಲ್ಲ. ಪ್ರತಿ ಶರತ್ಕಾಲದಲ್ಲಿ ಅಕ್ವೇರಿಯಂ ಸಂಘದ ತೀರ್ಪುಗಾರರು ಮನೆಮನೆಗೆ ಬಂದು ತೊಟ್ಟಿಗಳಿಗೆ ಅಂಕ ಕೊಡುತ್ತಿದ್ದರು. ಕಪ್ಪು ಜಲ್ಲಿಯ ಮೇಲೆ ಹಸಿರು ಎದ್ದು ಕಾಣುತ್ತದೆಂದು ಎರಡು ಸಲ ಅವನಿಗೇ ಮೊದಲ ಸ್ಥಾನ ಸಿಕ್ಕಿತ್ತು. ರೆನ್ಸ್ಕೆ ಮತ್ತೆ ಆ ಮಾತು ಎತ್ತಲಿಲ್ಲ.

ಈ ಸಲ ಕ್ರಿಸ್‌ಮಸ್ ಕಳೆದ ಮೇಲೆ ಅವನು ಹೇಳದೆ ಕೇಳದೆ ಎರಡು ಚೀಲ ಮರಳು ತಂದ. ಹಿತ್ತಲಲ್ಲಿ ಬರಿಗೈಯಲ್ಲಿ ತೊಳೆಯಲು ಕೂತ. ಕದಡು ಹೋಗುವವರೆಗೆ ತೊಳೆದು, ಬಕೆಟ್ಟಿಗೆ ತುಂಬಿ, ಅಂಗೈಯಿಂದ ಒಮ್ಮೆ ಒತ್ತಿ, ಮೇಲೆ ಗೇಣು ನೀರು ನಿಲ್ಲಿಸಿ ಮುಚ್ಚುತ್ತಿದ್ದ.

"ಒಂದೇ ದಿನ ಮುಗಿಸಬಾರದಾ? ಕೈ ಮರಗಟ್ಟುತ್ತೆ."

"ಜಲ್ಲಿ ಎಲ್ಲ ಒಂದೇ ಸಲ ತೆಗೆದ್ರೆ ನೀರು ಕೆಟ್ಟು ಎಲ್ಲ ಸಾಯ್ತವೆ. ನೀರು ಕಾಯೋ ಕಣ್ಣಿಗೆ ಕಾಣದ ಜೀವ ಎಲ್ಲ ಜಲ್ಲಿಲೇ ಇರೋದು. ವಾರಕ್ಕೊಂದು ಪಟ್ಟಿ."

ತೆಗೆದ ಜಲ್ಲಿಯನ್ನು ಅವಳ ಹಳೆಯ ಕಾಲುಚೀಲಗಳಿಗೆ ತುಂಬಿ ತೊಟ್ಟಿಯೊಳಗೇ ತೂಗುಬಿಟ್ಟಿದ್ದ. ಹೊಸ ಮರಳಿಗೆ ಆ ಜೀವ ಇಳಿಯುವವರೆಗೆ ಅವು ಅಲ್ಲೇ ಇರಬೇಕಂತೆ.

"ನನ್ನ ಕಾಲುಚೀಲವೇ ಬೇಕಿತ್ತಾ ನಿಂಗೆ?"

"ಬೆಚ್ಚಗಿಟ್ಟು ಅಭ್ಯಾಸ ಇದೆ ಅದಕ್ಕೆ."

ಹನ್ನೊಂದು ವರ್ಷದ ಹಿಂದೆ ತಾನು ಹೇಳಿದ್ದಕ್ಕೇ ಇದೆಲ್ಲವೇ ಎಂದು ಕೇಳಬೇಕೆನಿಸಿತ್ತು. ನಾಲ್ಕೂ ಪಟ್ಟಿ ಮುಗಿಯಲಿ, ಆಮೇಲೆ ಕೇಳೋಣ ಎಂದುಕೊಂಡಳು.

*

ಹತ್ತು ಗಂಟೆಗೆ ಅಕ್ಕಪಕ್ಕದ ಮನೆಯವರು ಪೆಟ್ಟಿಗೆ ಹೊತ್ತರು. ಆ ಊರಲ್ಲಿ ಅದು ನೆರೆಯವರದೇ ಕೆಲಸ. ಮೆಟ್ಟಿಲ ಮೇಲೆ ಯಾರೂ ಜಾರಲಿಲ್ಲ. ರೆನ್ಸ್ಕೆಯ ಬೂಟಿನ ಕೆಳಗೂ ಮರಳು ಕರಕರ ಎಂದಿತು. ಗಂಟೆ ಹೊಡೆಯುತ್ತಿರಲು ವಾಡಿಕೆಯಂತೆ ಚರ್ಚಿನ ಸುತ್ತ ಮೂರು ಸುತ್ತು ಬಂದರು. ಗುಂಡಿಯ ಬಳಿ ಪಾದ್ರಿ ಅವಳ ಕೈಗೆ ಪುಟ್ಟ ಸಲಿಕೆ ಕೊಟ್ಟ. ಪೆಟ್ಟಿಗೆಯ ಮೇಲೆ ಹಾಕಬೇಕಾದ ಮರಳಿನಲ್ಲಿ ಮಣ್ಣು ಬೆರೆತಿತ್ತು. ಇದನ್ನು ತೊಳೆದಿಲ್ಲ, ಕದಡುತ್ತದೆ ಎನ್ನಿಸಿತು ಅವಳಿಗೆ. ಗಂಡನನ್ನು ಮಣ್ಣು ಮಾಡುವಾಗ ಹೆಂಡತಿಯ ತಲೆಗೆ ಬಂದದ್ದು ಇಷ್ಟೇ ಎಂದು ನಾಚಿಕೆಯಾಗಬೇಕಿತ್ತು, ಅದೂ ಆಗಲಿಲ್ಲ.

ಮನೆಗೆ ಬಂದು ಎಲ್ಲರಿಗೂ ಕಾಫಿ, ಬೆಣ್ಣೆ ಸವರಿದ ಸಕ್ಕರೆ ಬ್ರೆಡ್ಡು ಕೊಟ್ಟದ್ದಾಯಿತು. ಸಂಘದ ಕಾರ್ಯದರ್ಶಿ ಮೆನ್ನೊ ತೊಟ್ಟಿಯ ಮುಂದೆ ಬಗ್ಗಿ ನಿಂತಿದ್ದ.

"ಇನ್ನೊಂದು ಪಟ್ಟಿ ಉಳಿದಿದೆ. ನಾನು ತೆಗೆದುಕೊಟ್ಟು ಹೋಗ್ಲಾ ರೆನ್ಸ್ಕೆ?"

"ಬೇಡ."

"ಈ ವರ್ಷ ತೀರ್ಪುಗಾರರು ಬರೋದು ಬೇಡ ಅಂದಿದ್ದ ಫೆಡ್ಡೆ. ಯಾಕಯ್ಯಾ, ಸೋಲ್ತೀಯ ಅಂತ ಭಯಾನಾ ಅಂತ ರೇಗಿಸ್ದೆ. ಮನೇಲೇ ಒಬ್ಬಳು ತೀರ್ಪುಗಾರ್ತಿ ಇದಾಳೆ, ಅವಳು ಹನ್ನೊಂದು ವರ್ಷದ ಹಿಂದೆ ಅಂಕ ಕಳೆದಿದ್ಳು, ಅದನ್ನ ಮೊದಲು ಸರಿಮಾಡ್ಬೇಕು ಅಂದ."

"ಹಾಗಂದ್ನಾ?"

"ಹಾಗೇ ಅಂದ."

ರೆನ್ಸ್ಕೆ ಅವನ ಬಟ್ಟಲಿಗೆ ಮತ್ತೆ ಕಾಫಿ ಬಗ್ಗಿಸಿದಳು. ತುಂಬಿ ತಟ್ಟೆಗೆ ಚೆಲ್ಲುವವರೆಗೂ ಬಗ್ಗಿಸಿದಳು.

*

ಮಧ್ಯಾಹ್ನ ಎಲ್ಲರೂ ಹೋದ ಮೇಲೆ ವಾಟ್ಸೆ ಮಾತ್ರ ಉಳಿದು ಬಟ್ಟಲು ತೊಳೆಯುತ್ತಿದ್ದ. ರೆನ್ಸ್ಕೆ ಕಪ್ಪು ಉಡುಪಿನ ತೋಳು ಮೇಲೆ ಸರಿಸಿ ಕೊನೆಯ ಜಲ್ಲಿಯನ್ನು ಹಿಡಿ ಹಿಡಿಯಾಗಿ ತೆಗೆದಳು. ತುಂಬಲು ಹಳೆಯ ಕಾಲುಚೀಲ ಉಳಿದಿರಲಿಲ್ಲ. ಕುರ್ಚಿಯ ಅಂಚಿಗೆ ಕೂತು, ಬೂಟು ಬಿಚ್ಚಿ, ಹಾಕಿಕೊಂಡಿದ್ದ ಕಪ್ಪು ಕಾಲುಚೀಲಗಳಲ್ಲೊಂದನ್ನು ಎಳೆದು ತೆಗೆದಳು. ತೆರೆದ ಬಾಗಿಲಿಂದ ವಾಟ್ಸೆ ನೋಡಿ ಆ ಕಡೆ ತಿರುಗಿಕೊಂಡ. ಬರಿಗಾಲಿಗೆ ನೆಲ ತಣ್ಣಗೆ ಕೊರೆಯಿತು. ಐದು ದಿನದಲ್ಲಿ ಅವಳಿಗೆ ಮುಟ್ಟಿದ್ದು ಅದೇ ಮೊದಲು.

ಅಡುಗೆಮನೆಯಿಂದ ಬಕೆಟ್ಟನ್ನು ನಿಧಾನವಾಗಿ ತಂದು ಮುಚ್ಚಳ ತೆಗೆದಳು. ನೀರು ತಳದವರೆಗೆ ತಿಳಿಯಾಗಿತ್ತು. ಕೆಳಗೆ ಮರಳಿನಲ್ಲಿ ಒಂದು ಅಂಗೈ ಒತ್ತಿ ಮೂಡಿತ್ತು. ಉಂಗುರದ ಬೆರಳು ಒಂದು ಗೆಣ್ಣು ಗಿಡ್ಡ. ಸೇತುವೆಯ ಯಂತ್ರಕ್ಕೆ ಸಿಕ್ಕಿ ಹೋದ ತುದಿ.

"ವಾಟ್ಸೆ, ಇಲ್ಲಿ ಬಾ."

ಅವನು ಒದ್ದೆ ಕೈಯಲ್ಲೇ ಬಂದು ನೋಡಿದ.

"ನಾನು ಚೆಲ್ಲಿದ್ರಲ್ಲೂ ಇತ್ತೇನೋ ಅತ್ತಿಗೆ. ನೋಡ್ಲೇ ಇಲ್ಲ."

"ಇದ್ದಿರಬಹುದು. ಅದರ ಮೇಲೇ ಅಲ್ವಾ ಅವನು ಇಳಿದು ಹೋಗಿದ್ದು."

"ಇದನ್ನ ಹೀಗೇ ಇಟ್ಬಿಡಿ. ನಾಳೆ ಬೇರೆ ಮರಳು ತರ್ತೀನಿ."

"ಇವತ್ತು ಗುರುವಾರ," ಎಂದಳು ರೆನ್ಸ್ಕೆ.

ಬಟ್ಟಲನ್ನು ಬಕೆಟ್ಟಿನ ಅಂಚಿನಿಂದ ಇಳಿಬಿಟ್ಟು ಮರಳು ತುಂಬಿದಳು. ಮೊದಲು ಹೆಬ್ಬೆರಳು ಹೋಯಿತು. ಒಂದೊಂದೇ ಬಟ್ಟಲನ್ನು ತೊಟ್ಟಿಯ ನೀರಿನೊಳಗೆ ತಳದವರೆಗೂ ಇಳಿಸಿ ಮಗುಚಿದಳು, ಅವನು ಮಾಡುತ್ತಿದ್ದ ಹಾಗೆಯೇ. ಗಿಡ್ಡ ಬೆರಳನ್ನು ಕೊನೆಗೆ ಉಳಿಸಿಕೊಂಡಿದ್ದಳು. ಅದನ್ನೂ ತೆಗೆದಳು.

ಆರರಲ್ಲಿ ಉಳಿದಿದ್ದ ಒಂದೇ ಮುದಿ ಮೀನು, ಮೀಸೆಯ ಮೋಟು ಹೊತ್ತು, ಗಿಡದ ಮರೆಯಿಂದ ಬಂತು. ಹೊಸ ಪಟ್ಟಿಯ ಅಂಚಿನಲ್ಲಿ ಸ್ವಲ್ಪ ಹೊತ್ತು ತಡೆಯಿತು. ಆಮೇಲೆ ಕಣ್ಣಿನವರೆಗೂ ಮೂತಿಯನ್ನು ಮರಳಿಗೆ ಹುದುಗಿಸಿ, ಕಿವಿರುಗಳಿಂದ ಬಿಳಿ ಮರಳನ್ನು ಮೆಲ್ಲಗೆ ಸುರಿಸಿತು.