ದಿನಾ ಕುದಿಸಿದ ಬಾಟಲಿ

ತನ್ನ ಏಳು ವರ್ಷದ ಮಗಳಿಗೆ ಅಂಗಿ ಹೊಲಿಯಲು ಅಳತೆಪಟ್ಟಿ ಹಿಡಿದ ಟೈಲರಮ್ಮ ಎರಡೆರಡು ಸಲ ಅಳೆದು ನೋಡಿದಳು. ಓಣಿಯ ಮಕ್ಕಳ ಅಳತೆಯೆಲ್ಲ ಆಕೆಗೆ ಬಾಯಿಪಾಠ. ಇದು ಆ ವಯಸ್ಸಿನ ಅಳತೆಯಲ್ಲ. ಆಸ್ಪತ್ರೆಗೆ ಕರೆದೊಯ್ದಾಗ ಡಾಕ್ಟರು ರಕ್ತ, ಎಕ್ಸ್‌ರೇ ಎಲ್ಲ ನೋಡಿ, ಮಗು ಈಗಲೇ ಮೈನೆರೆಯುವ ಹಾದಿಯಲ್ಲಿದೆ, ತಡೆಯಲು ತಿಂಗಳಿಗೊಂದು ಇಂಜೆಕ್ಷನ್ ಬೇಕು ಎಂದರು.

ಮೂರನೇ ಇಂಜೆಕ್ಷನ್ ಆದ ವಾರ ಆಸ್ಪತ್ರೆಯ ನರ್ಸಕ್ಕ ಮನೆಗೆ ಬಂದಳು. ಟೈಲರಮ್ಮನ ಮೆಕ್ಯಾನಿಕ್ ಗಂಡನ ತೊಡೆಯ ಮೇಲೆ ವರ್ಷದ ಮಗ ಮಲಗಿ ಹಾಲು ಚೀಪುತ್ತಿದ್ದ. ಗಟ್ಟಿ ಪ್ಲಾಸ್ಟಿಕ್ ಬಾಟಲಿ, ಒಳಗೆಲ್ಲ ಗೀರು.

"ಇದು ಯಾವ ಕಾಲದ್ದಮ್ಮ?"

"ನಮ್ಮತ್ತಿಗೆ ಮಕ್ಕಳದ್ದು ಅಕ್ಕ. ದೊಡ್ಡವಳೂ ನಾಲ್ಕು ವರ್ಷ ಇದರಲ್ಲೇ ಕುಡಿದ್ಲು. ದಿನಾ ಕುದಿಸ್ತೀನಿ, ಒಂದು ದಿನಾನೂ ತಪ್ಪಿಸಿಲ್ಲ."

ನರ್ಸಕ್ಕ ಬಾಟಲಿಯ ಗೀರುಗಳತ್ತ ಬೆರಳು ತೋರಿದಳು. "ಇಂಥ ಹಳೇ ಗಟ್ಟಿ ಪ್ಲಾಸ್ಟಿಕ್‌ನಲ್ಲಿ ಬಿಸ್ಫಿನಾಲ್ ಅನ್ನೋ ರಾಸಾಯನಿಕ ಇರಬಹುದು. ಕುದಿಸಿದ್ರೆ, ಬಿಸಿ ಹಾಲು ಹಾಕಿದ್ರೆ ಅದು ಚೂರುಚೂರೇ ಹಾಲಿಗೆ ಇಳಿಯುತ್ತೆ. ಮೈಯೊಳಗೆ ಹೆಣ್ಣಿನ ಹಾರ್ಮೋನಿನ ವೇಷ ಹಾಕುತ್ತೆ."

ಗಂಡ ರೇಗಿದ. "ನಾವೆಲ್ಲ ಪ್ಲಾಸ್ಟಿಕ್‌ನಲ್ಲೇ ತಿಂದು ಗುಂಡುಕಲ್ಲಿನ ಹಾಗಿಲ್ವಾ? ಇದರಿಂದಲೇ ನನ್ನ ಮಗಳಿಗೆ ಹಿಂಗಾಯ್ತು ಅಂತ ಬರೆದುಕೊಡ್ತೀರಾ?"

"ಇಲ್ಲಣ್ಣ. ಹಾಗಂದ್ರೆ ಸುಳ್ಳಾಗುತ್ತೆ. ಇದಕ್ಕೆ ಬೇರೆ ಕಾರಣಾನೂ ಇರುತ್ತೆ, ಎಷ್ಟೋ ಸಲ ಕಾರಣಾನೇ ಸಿಗಲ್ಲ. ಇದರಿಂದ ಅಲ್ಲವೇ ಅಲ್ಲ ಅಂತ ಬರೆದುಕೊಡೋಕೂ ನನ್ನ ಕೈಲಾಗಲ್ಲ."

ಅವನು ಮಗನತ್ತ ನೋಡಿದ. ಬಾಟಲಿ ಕಿತ್ತುಕೊಂಡ. ಮಗು ಚಿಟ್ಟನೆ ಚೀರಿತು. ಅವನು ಬಚ್ಚಲಿಗೆ ಹೋಗಿ ಹಾಲು ಚೆಲ್ಲಿದ.

"ಒಳ್ಳೇದಾಗಲಿ ಅಂತಲೇ ಕುದಿಸಿದೆ ಅಕ್ಕ," ಟೈಲರಮ್ಮ ಅಂದಳು. ಕಣ್ಣಲ್ಲಿ ನೀರಿರಲಿಲ್ಲ. "ಯಾರಾದ್ರೂ ಒಬ್ಬರು ಮೊದಲೇ ಹೇಳಬಾರದಿತ್ತಾ?"

ನರ್ಸಕ್ಕ ಸ್ಟೀಲ್ ಲೋಟ, ಚಮಚ ತರಿಸಿ ಮಗುವಿಗೆ ಕುಡಿಸುವುದನ್ನು ತೋರಿಸಿಕೊಟ್ಟಳು. ಅರ್ಧ ಮೈಮೇಲೆ, ಅರ್ಧ ಹೊಟ್ಟೆಗೆ.

"ದೊಡ್ಡವಳದ್ದು?" ಗಂಡ ಬಾಗಿಲಲ್ಲೇ ನಿಂತು ಕೇಳಿದ.

"ಇಂಜೆಕ್ಷನ್ ತಪ್ಪಿಸಬೇಡಿ ಅಣ್ಣ."

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಈ ತಾಯಿಗೆ ಯಾರೂ ಹೇಳಲಿಲ್ಲ. ನಿಮಗೆ ನಾವು ಹೇಳುತ್ತಿದ್ದೇವೆ. ಬಿಸಿ ಹಾಲು, ಬಿಸಿ ಊಟಕ್ಕೆ ಪ್ಲಾಸ್ಟಿಕ್ ಬೇಡ. ಸ್ಟೀಲು, ಗಾಜು ಇರಲಿ. ಗೀರು ಬಿದ್ದ ಹಳೇ ಬಾಟಲಿಯನ್ನು ಇನ್ನೊಬ್ಬರ ಮಗುವಿಗೆ ದಾಟಿಸಬೇಡಿ. ಎಂಟು ತುಂಬುವ ಮೊದಲೇ ಹೆಣ್ಣುಮಗುವಿನ ಮೈಯಲ್ಲಿ ಬದಲಾವಣೆ ಕಂಡರೆ ನಾಚಿಕೆಯೆಂದು ಮುಚ್ಚಿಡಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ. ಇವತ್ತೇ ಅಡುಗೆಮನೆಗೆ ಹೋಗಿ ಒಮ್ಮೆ ನೋಡಿ.