ಪಟ್ಟಿಯಲ್ಲಿಲ್ಲದ ಮೂವತ್ತೇಳು ಮಂದಿ

ಯಾವ ಕಾಗದ ಕೈಗೆ ಸಿಕ್ಕಿದರೂ ಮೊದಲು ಅದರ ಮೇಲೆ ಚೌಕ ಎಳೆಯುವ ಅಭ್ಯಾಸ ಅವರಿಗಿತ್ತು. ಹಾಜರಿ ಪುಸ್ತಕದ ಹಿಂಪುಟ, ಔಷಧಿ ಚೀಟಿ, ಮದುವೆಯ ಕರೆಯೋಲೆ ಯಾವುದನ್ನೂ ಬಿಟ್ಟವರಲ್ಲ. ಹಾಗಾಗಿ ಮಕ್ಕಳು ಅವರನ್ನು ಚೌಕದ ಮಿಸ್ ಎಂದೇ ಕರೆಯುತ್ತಿದ್ದರು. ಸೇತುವೆಯ ಪಕ್ಕದ ಪುಟ್ಟ ಹೈಸ್ಕೂಲಿನಲ್ಲಿ ಹತ್ತೊಂಬತ್ತು ವರ್ಷ ಗಣಿತ ಕಲಿಸಿದವರು. ಅಲ್ಲಿಯ ಒಂದೊಂದು ಬೆಂಚಿನ ಕಾಲು ಎಷ್ಟು ಕುಂಟುತ್ತದೆ ಎನ್ನುವುದೂ ಅವರಿಗೆ ಬಾಯಿಪಾಠವಾಗಿತ್ತು.

ನೂಲಿನ ಗಿರಣಿ ಮುಚ್ಚಿದ ಮೇಲೆ ಊರು ಖಾಲಿಯಾಗುತ್ತ ಬಂದಿತ್ತು. ಮೂವರು ಕೂರುವ ಬೆಂಚಿನಲ್ಲಿ ಇಬ್ಬರು ಕೂತರು, ಆಮೇಲೆ ಒಬ್ಬರೇ ಕೂತರು. ಕೊನೆಗೆ ಶಿಕ್ಷಣ ಕಚೇರಿಯವರು ಆದೇಶ ಕಳಿಸಿದರು: ದಿಬ್ಬದ ಮೇಲಿನ ಶಾಲೆಯ ಇನ್ನೂರ ಅರವತ್ತೆಂಟು ಮಕ್ಕಳು, ಸೇತುವೆ ಶಾಲೆಯ ನೂರ ನಲವತ್ತೇಳು ಮಕ್ಕಳು ಬರುವ ವರ್ಷದಿಂದ ಸ್ಟೇಷನ್ ಹತ್ತಿರದ ದೊಡ್ಡ ಶಾಲೆಗೆ ಸೇರಬೇಕು. ಅಲ್ಲಿರುವ ನಾನೂರ ಇಪ್ಪತ್ತೊಂದನ್ನೂ ಕೂಡಿಸಿದರೆ ಎಂಟುನೂರ ಮೂವತ್ತಾರು. ಉಳಿದೆರಡು ಶಾಲೆಗಳಿಗೆ ಬೀಗ.

ಚೌಕದ ಮಿಸ್ ಸುಮ್ಮನಿರಲಿಲ್ಲ. ಮನೆಮನೆ ಸುತ್ತಿ ಸಹಿ ಹಾಕಿಸಿಕೊಂಡು ಕಚೇರಿಗೆ ಹೋದರು.

"ದೂರ ಆದ್ರೆ ಮಕ್ಕಳು ಓದು ಬಿಟ್ಟುಬಿಡ್ತಾರೆ ಸಾರ್. ಅದ್ರಲ್ಲೂ ಹೆಣ್ಮಕ್ಕಳು."

"ಬಸ್ ಕೊಡ್ತೀವಲ್ಲ ಮೇಡಂ," ಎಂದರು ಅಧಿಕಾರಿ. ವಾರ ಕಳೆಯುವಷ್ಟರಲ್ಲಿ ಇನ್ನೊಂದು ಕಾಗದ ಬಂತು. ಹೊಸ ಶಾಲೆಯ ವೇಳಾಪಟ್ಟಿ ತಯಾರಿಸುವ ಜವಾಬ್ದಾರಿ ಅವರದೇ! ಬಾಯಿ ಮಾಡಿದ್ದಕ್ಕೆ ಕೈಗೆ ಕೆಲಸ ಕೊಟ್ಟರು ಎಂದು ಮಿಸ್ ತಾವೇ ನಕ್ಕುಬಿಟ್ಟರು.

ರಜೆ ಪೂರ್ತಿ ದೊಡ್ಡ ಶಾಲೆಯ ಸಭಾಂಗಣದ ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕಗಳು ಬಿದ್ದವು. ಎಂಟನೆಯ ತರಗತಿಯಿಂದ ಹತ್ತರವರೆಗೆ ಇಪ್ಪತ್ನಾಲ್ಕು ವಿಭಾಗ. ಗಣಿತದ ಚೀಟಿ ನೀಲಿ, ವಿಜ್ಞಾನದ್ದು ಹಸಿರು. ಪ್ರಯೋಗಾಲಯ ಎರಡೇ, ಕಂಪ್ಯೂಟರ್ ಕೋಣೆ ಒಂದೇ. ಹಾಗಾಗಿ ಪ್ರತಿ ಗಂಟೆ ಹೊಡೆದಾಗ ಮೇಷ್ಟ್ರುಗಳ ಬದಲು ಮಕ್ಕಳೇ ಕೋಣೆಯಿಂದ ಕೋಣೆಗೆ ಹೋಗಬೇಕಿತ್ತು. ಮಿಸ್ ಮೊಣಕಾಲೂರಿ ಕೂತು ಚೀಟಿ ಸರಿಸುತ್ತಿದ್ದರು. ಫ್ಯಾನ್ ಹಾಕಿದರೆ ಇಡೀ ಸೋಮವಾರವೇ ಹಾರಿಹೋಗುತ್ತದೆಂದು ಸೆಕೆಯಲ್ಲೇ ಬೆವರುತ್ತಿದ್ದರು.

ಮನೆಯಲ್ಲಿ ಹೊತ್ತು ಹೋಗದ ಅವರಪ್ಪ ಒಂದು ದಿನ ಜೊತೆಗೆ ಬಂದರು. ರೈಲ್ವೆ ಜಂಕ್ಷನ್ನಿನ ಸಿಗ್ನಲ್ ಕ್ಯಾಬಿನ್ನಿನಲ್ಲಿ ಮೂವತ್ತಾರು ವರ್ಷ ಹಳಿ ಬದಲಿಸುವ ಲಿವರ್ ಎಳೆದ ಮನುಷ್ಯ. ಅಂಗೈ ಈಗಲೂ ಹಲಗೆಯ ಹಾಗಿತ್ತು. ಕುರ್ಚಿಯಲ್ಲಿ ಕೂತು ಅರ್ಧ ದಿನ ನೆಲ ನೋಡಿದರು.

"ಮೆಟ್ಟಿಲು ಎಷ್ಟಿವೆ ಇಲ್ಲಿ?"

"ಎರಡು ಕಡೆ ಇವೆ ಅಪ್ಪಾ. ಪೂರ್ವಕ್ಕೊಂದು, ಪಶ್ಚಿಮಕ್ಕೊಂದು."

"ನಿನ್ನ ಈ ಚೀಟಿ ಪ್ರಕಾರ ಎರಡನೇ ಗಂಟೆಗೆ ಹನ್ನೊಂದು ಕ್ಲಾಸು ಮೇಲೆ ಹತ್ತುತ್ತೆ, ಒಂಬತ್ತು ಕೆಳಗೆ ಇಳಿಯುತ್ತೆ. ಎಲ್ಲಾ ಒಂದೇ ಮೆಟ್ಟಿಲಲ್ಲಿ! ಸಿಂಗಲ್ ಲೈನಲ್ಲಿ ಎರಡೂ ಕಡೆಯಿಂದ ಗಾಡಿ ಬಿಟ್ಟ ಹಾಗಾಯ್ತು ಕಣಮ್ಮ."

ಮಿಸ್ ಕೈಯ ಚೀಟಿ ಕೆಳಗಿಟ್ಟು ಮೆಟ್ಟಿಲ ಕಡೆ ತಿರುಗಿದರು. ಕೋಣೆ ನೋಡಿದ್ದರು, ಮೇಷ್ಟ್ರುಗಳನ್ನು ನೋಡಿದ್ದರು, ನಡುವಿನ ದಾರಿಯನ್ನೇ ನೋಡಿರಲಿಲ್ಲ. ಅಂದಿನಿಂದ ಅಪ್ಪ ದಿನವೂ ಬಂದರು. ಹತ್ತುವವರಿಗೆ ಪೂರ್ವ, ಇಳಿಯುವವರಿಗೆ ಪಶ್ಚಿಮ ಎಂದಾಯಿತು. ಮುಕ್ಕಾಲು ಪಾಲು ಚೀಟಿಗಳು ಜಾಗ ಬದಲಿಸಿದವು. ಶಾಲೆ ತೆರೆಯಲು ನಾಲ್ಕು ದಿನ ಇರುವಾಗ ಕೊನೆಯ ಚೌಕ ತುಂಬಿತು. ಎಂಟುನೂರ ಮೂವತ್ತಾರು ಮಕ್ಕಳಲ್ಲಿ ಪ್ರತಿಯೊಬ್ಬರಿಗೂ ಪ್ರತಿ ಗಂಟೆಗೂ ಒಂದು ಕೋಣೆ, ಒಂದು ಜಾಗ ಇತ್ತು.

ಮೊದಲ ದಿನ ಬೆಳಿಗ್ಗೆ ದಿಬ್ಬದ ಬಸ್ಸುಗಳು ಸಮಯಕ್ಕೆ ಬಂದವು. ಸೇತುವೆ ಕಡೆಯ ಬಸ್ಸುಗಳಲ್ಲಿ ಕೊನೆಯದು ಬಂದು ಮಕ್ಕಳನ್ನು ಇಳಿಸಿತು. ಆದರೆ ಡ್ರೈವರ್ ಕೆಳಗಿಳಿಯಲಿಲ್ಲ. ಬಸ್ಸು ತಿರುಗಿಸಿಕೊಂಡು ಬಂದ ದಾರಿಯಲ್ಲೇ ವಾಪಸ್ ಹೊರಟ. ಚೌಕದ ಮಿಸ್ ಗೇಟಿನಲ್ಲಿ ಪಟ್ಟಿ ಹಿಡಿದು ನಿಂತಿದ್ದವರು ಕೈ ಬೀಸಿದರೂ ನಿಲ್ಲಿಸಲಿಲ್ಲ. ಗಂಟೆ ಹೊಡೆಯಿತು. ಮಕ್ಕಳೆಲ್ಲ ಒಳಗೆ ಹೋದರು. ಇಪ್ಪತ್ತು ನಿಮಿಷದ ಮೇಲೆ ಬಸ್ಸು ಮತ್ತೆ ಬಂದು ನಿಂತಿತು. ಅದರಿಂದ ಒಬ್ಬೊಬ್ಬರಾಗಿ ಇಳಿಯತೊಡಗಿದರು.

ಯಾರ ಮೈಮೇಲೂ ಸಮವಸ್ತ್ರ ಇರಲಿಲ್ಲ. ಎಲ್ಲರ ತಲೆಯೂ ನೀಟಾಗಿ ಬಾಚಿತ್ತು. ಹೆಚ್ಚಿನವರು ಹೆಣ್ಣುಮಕ್ಕಳು. ಕೆಲವರು ಅಕ್ಕಿ ಚೀಲವನ್ನು ಹೊಲಿದು ಮಾಡಿದ ಬ್ಯಾಗು ಹೆಗಲಿಗೇರಿಸಿದ್ದರು. ಮಿಸ್ ಎಣಿಸಿದರು. ಮೂವತ್ತೇಳು. ಪಟ್ಟಿಯಲ್ಲಿ ಒಂದು ಹೆಸರೂ ಇರಲಿಲ್ಲ.

"ಯಾರಪ್ಪಾ ಇವರೆಲ್ಲ? ಎಲ್ಲಿಂದ ಹತ್ತಿಸ್ಕೊಂಡು ಬಂದ್ರಿ?" ಎಂದು ಡ್ರೈವರನ್ನು ಕೇಳಿದರು.

"ಸೇತುವೆ ಮೇಲೆ ದೊಡ್ಡ ಬಸ್ ಹೋಗಲ್ಲ ಮೇಡಂ, ಗೋದಾಮು ಬೀದಿಯಿಂದ ಸುತ್ತಿ ಬರ್ಬೇಕು. ಅಲ್ಲಿ ಇವರು ರಸ್ತೆ ಪಕ್ಕ ನಿಂತು ಕೈ ತೋರಿಸಿದ್ರು. ಬಸ್ ಮೇಲೆ ಶಾಲಾ ವಾಹನ ಅಂತ ಬರ್ದಿದೆ. ಬೇಡ ಅನ್ನೋಕೆ ನಾನ್ಯಾರು? ಆಗ ಬಸ್ಸು ತುಂಬಿತ್ತು. ಇರಿ ಬರ್ತೀನಿ ಅಂದಿದ್ದೆ. ಮಾತು ಕೊಟ್ಟ ಮೇಲೆ ಹೋಗ್ಬೇಕಲ್ಲ."

ಗೋದಾಮು ಬೀದಿ ಮಿಸ್ಸಿಗೆ ಗೊತ್ತಿತ್ತು. ಹಳೆ ಕಾಗದ, ಸೀಸೆ, ತಗಡು ವಿಂಗಡಿಸುವವರ ಮನೆಗಳು, ಏಳನೆಯವರೆಗಿನ ಒಂದು ಶಾಲೆ. ಸೇತುವೆ ಶಾಲೆಯಿಂದ ಎರಡೇ ಕಿಲೋಮೀಟರು. ಆದರೆ ಆ ಎರಡು ಕಿಲೋಮೀಟರು ಲಾರಿಗಳು ಭರ್ರೆಂದು ಓಡಾಡುವ ಹೆದ್ದಾರಿ. ನಡೆಯಲು ಅಂಚು ಕೂಡ ಇಲ್ಲ.

ಮುಂದೆ ನಿಂತಿದ್ದ ಎತ್ತರದ ಹುಡುಗಿ ಪ್ಲಾಸ್ಟಿಕ್ ಕವರಿನಿಂದ ಒಂದು ಕಾಗದ ತೆಗೆದು ಎರಡೂ ಕೈಯಲ್ಲಿ ಚಾಚಿದಳು. ಏಳನೇ ತರಗತಿ ಪಾಸಾದ ಪತ್ರ. ಮಡಿಕೆಯಲ್ಲಿ ಹರಿದಿದ್ದನ್ನು ಟೇಪು ಹಚ್ಚಿ ಕೂಡಿಸಿತ್ತು.

"ಇದು ಎರಡು ವರ್ಷದ ಹಿಂದಿಂದಲ್ವೇನಮ್ಮ?"

"ಹೂಂ ಮಿಸ್. ಇವಳದ್ದು ಮೂರು ವರ್ಷದ್ದು. ಅವನದ್ದು ಹೋದ ವರ್ಷದ್ದು. ಎಲ್ಲಾರದ್ದೂ ಇದೆ, ನೋಡಿ."

"ಯಾರು ಹೇಳಿ ಕಳಿಸಿದ್ರು ನಿಮ್ಮನ್ನ?"

ಹುಡುಗಿಗೆ ಪ್ರಶ್ನೆ ಅರ್ಥವಾದಂತೆ ಕಾಣಲಿಲ್ಲ. "ಯಾರೂ ಹೇಳ್ಲಿಲ್ಲ ಮಿಸ್. ಮೊನ್ನೆ ಈ ಬಸ್ಸು ದಾರಿ ನೋಡ್ಕೊಂಡು ಹೋಗೋಕೆ ಬಂದಿತ್ತಲ್ಲ, ನೋಡಿದ್ವಿ. ಬಸ್ಸು ಬಂತು, ಅದಕ್ಕೆ ಬಂದ್ವಿ."

ಮಿಸ್ ಪತ್ರದ ಮೇಲಿನ ತಾರೀಖನ್ನು ಮತ್ತೊಮ್ಮೆ ಓದಿದರು. ಸಹಿ ಹಾಕಿಸಲು ಎಷ್ಟು ಮನೆಗಳ ಬಾಗಿಲು ತಟ್ಟಿದ್ದರು! ದೂರವಾದರೆ ಮಕ್ಕಳು ಓದು ಬಿಡುತ್ತಾರೆ ಎಂದು ಎಷ್ಟು ಜನರ ಮುಂದೆ ಗಂಟಲು ಹರಿದುಕೊಂಡಿದ್ದರು! ಆದರೆ ಬಿಟ್ಟವರು ಆಗಲೇ ಬಿಟ್ಟಾಗಿತ್ತು. ತಮ್ಮ ಮೂಗಿನ ಕೆಳಗೇ, ಎರಡೇ ಕಿಲೋಮೀಟರಿನಲ್ಲಿ. ತಾವು ಉಳಿಸಬೇಕೆಂದಿದ್ದ ಶಾಲೆ ಮುಚ್ಚಿದ್ದರಿಂದಲೇ ಇವರು ಇಲ್ಲಿ ಬಂದು ನಿಂತಿದ್ದರು. ಅವಮಾನವೋ ಬೆರಗೋ ತಿಳಿಯದೆ ಆ ಪತ್ರವನ್ನು ಹಿಡಿದೇ ನಿಂತರು.

ಹೆಡ್‌ಮಾಸ್ಟರು ಬಂದು ಹುಬ್ಬು ಗಂಟಿಕ್ಕಿದರು. "ಪಟ್ಟಿಯಲ್ಲಿಲ್ಲ ಮೇಡಂ. ಇವತ್ತು ವಾಪಸ್ ಕಳಿಸಿ, ಕಚೇರಿಗೆ ಬರೆದು ಕೇಳೋಣ."

"ಇವತ್ತು ಕಳಿಸಿದ್ರೆ ನಾಳೆ ಕೈ ತೋರಿಸ್ತಾರಾ ಸಾರ್?"

ಹೆಡ್‌ಮಾಸ್ಟರು ಮಕ್ಕಳ ಕಡೆ ನೋಡಿದರು. ಮೂವತ್ತೇಳು ಜನರೂ ಅವರ ಮುಖದಲ್ಲೇ ಕಣ್ಣು ಕೀಲಿಸಿದ್ದರು. ಕನ್ನಡಕ ತೆಗೆದು ಒರೆಸಿಕೊಂಡು, "ಎಲ್ಲಿ ಕೂರಿಸ್ತೀರಿ?" ಎಂದರು. ಒಪ್ಪಿಗೆ ಎಂದು ಮಿಸ್ ಅರ್ಥ ಮಾಡಿಕೊಂಡರು.

ಮಕ್ಕಳನ್ನು ಸಭಾಂಗಣದ ಬಾಗಿಲ ಬಳಿ ನಿಲ್ಲಿಸಿ, ಗೋಡೆಗೆ ಕಾಗದ ಒತ್ತಿಟ್ಟುಕೊಂಡು ಬರೆದರು. ಎಂಟನೆಯ ತರಗತಿಗೆ ಎಂಟು ವಿಭಾಗ. ಒಂದೊಂದಕ್ಕೆ ನಾಲ್ಕೋ ಐದೋ ಮಂದಿ. ಬೆಂಚಿನಲ್ಲಿ ಸ್ವಲ್ಪ ಒತ್ತಿ ಕೂತರಾಯಿತು. ಆ ದಿನ ಮಕ್ಕಳ ಓಡಾಟ ನೋಡಲೇಬೇಕೆಂದು ಬಂದಿದ್ದ ಅಪ್ಪ ಪಕ್ಕದಲ್ಲೇ ಸ್ಟೂಲಿನ ಮೇಲೆ ಕೂತಿದ್ದರು.

ಗಂಟೆ ಹೊಡೆಯಿತು.

ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಇಪ್ಪತ್ನಾಲ್ಕು ಬಾಗಿಲು ತೆರೆದವು. ಮೊದಲು ಬಂದದ್ದು ಸದ್ದಲ್ಲ, ಕಾಲಡಿಯ ನಡುಕ. ನೆಲವೇ ಮೆಲ್ಲಗೆ ಗುನುಗಿದ ಹಾಗೆ. ಪೂರ್ವದ ಮೆಟ್ಟಿಲಲ್ಲಿ ತಲೆಗಳು ಏರಿದವು, ಪಶ್ಚಿಮದಲ್ಲಿ ಇಳಿದವು. ನಡುವಿನ ಮೊಗಸಾಲೆಯಲ್ಲಿ ಎರಡು ಸಾಲು ಪರಸ್ಪರ ತಾಕದೆ ಎದುರುಬದುರು ಹರಿದವು. ದಿಬ್ಬದವರು, ಸೇತುವೆಯವರು, ಸ್ಟೇಷನ್ನಿನವರು. ಹೋದ ವರ್ಷದವರೆಗೆ ಆಟದ ಮೈದಾನದಲ್ಲಿ ಹಲ್ಲು ಕಡಿಯುತ್ತಿದ್ದವರು. ಯಾರದ್ದೋ ಪೆನ್ಸಿಲ್ ಡಬ್ಬಿ ಬಿತ್ತು. ಸಾಲು ಅದರ ಸುತ್ತ ಬಾಗಿತು. ಒಬ್ಬ ಹುಡುಗ ಬಗ್ಗಿ ಎತ್ತಿ ಕೊಟ್ಟ. ಸಾಲು ಮತ್ತೆ ನೆಟ್ಟಗಾಯಿತು. ಯಾರೂ ಕೂಗಿ ಹೇಳಿರಲಿಲ್ಲ.

ಚೌಕದ ಮಿಸ್ ಇದನ್ನೆಲ್ಲ ನೆಲದ ಮೇಲೆ ಬರೆದವರೇ. ಆದರೂ ಹೀಗಿರುತ್ತದೆಂದು ಎಣಿಸಿರಲಿಲ್ಲ. ನೀಲಿ ಚೀಟಿ, ಹಸಿರು ಚೀಟಿಗಳಿಗೆ ಉಸಿರಿರಲಿಲ್ಲ, ನಗು ಇರಲಿಲ್ಲ, ಎಣ್ಣೆ ಹಚ್ಚಿದ ಕೂದಲಿನ ವಾಸನೆ ಇರಲಿಲ್ಲ.

"ಹೋಗಿ, ಅದೋ ಆ ಸಾಲಿಗೆ ಸೇರ್ಕೊಳ್ಳಿ," ಎಂದು ಮೊದಲ ಐವರನ್ನು ಬಿಟ್ಟರು. ಎತ್ತರದ ಹುಡುಗಿ ಅಂಚಿನಲ್ಲಿ ಒಂದು ಗಳಿಗೆ ತಡೆದಳು. ಸಾಲಿನಲ್ಲಿದ್ದ ಒಬ್ಬಳು ಓರೆಯಾಗಿ ನೋಡಿ, "ಯಾವ ವಿಭಾಗ?" ಎಂದಳು.

"ಬಿ."

"ನಂದೂ ಅದೇ. ಬಾರೇ ಬೇಗ, ಮೇಷ್ಟ್ರು ಬಾಗ್ಲು ಹಾಕ್ತಾರೆ."

ಅಷ್ಟೇ. ಹುಡುಗಿ ಹೋದಳು. ಆಮೇಲೆ ನಾಲ್ವರು, ಆಮೇಲೆ ಐವರು. ಕೊನೆಯವನನ್ನು ಕಳಿಸಿ ಮಿಸ್ ತಲೆಯೆತ್ತಿ ಮೆಟ್ಟಿಲ ಕಡೆ ನೋಡಿದರು. ಸಮವಸ್ತ್ರವಿಲ್ಲದ ಮಕ್ಕಳು, ಕಂಡುಹಿಡಿಯುವುದು ಸುಲಭ ಎಂದುಕೊಂಡಿದ್ದರು. ಸಾಲಿನಲ್ಲಿ ಹೆಗಲುಗಳ ನಡುವೆ ಒಂದು ಕೆಂಪು ಅಂಗಿ ಮಿಂಚಿ ಮರೆಯಾಯಿತು. ಇನ್ನುಳಿದವರು ಸಿಗಲೇ ಇಲ್ಲ. ಬಾಗಿಲುಗಳು ಒಂದೊಂದಾಗಿ ಮುಚ್ಚಿದವು. ಮೊಗಸಾಲೆ ಖಾಲಿಯಾಯಿತು. ಗೋಡೆಯ ಗಡಿಯಾರದಲ್ಲಿ ನಾಲ್ಕು ನಿಮಿಷವೂ ಆಗಿರಲಿಲ್ಲ.

ಅಪ್ಪ ಯಾವಾಗಲೋ ಎದ್ದು ನಿಂತಿದ್ದರು.

"ನಮ್ಮಲ್ಲಿ ಹಳಿ ಇತ್ತು ಕಣಮ್ಮ," ಎಂದರು ಮೆಲ್ಲಗೆ. "ಲಿವರ್ ಎಳೆದ್ರೆ ಗಾಡಿ ಬೇರೆಲ್ಲೂ ಹೋಗೋ ಹಾಗೇ ಇರ್ಲಿಲ್ಲ. ಇಲ್ಲಿ ಹಳಿ ಎಲ್ಲಿದೆ? ಇವರನ್ನ ಹಿಡ್ಕೊಂಡಿರೋದು ಯಾವುದು?"

ಮಿಸ್ ಕಾಗದ ಮಡಚಿಟ್ಟು, ಅಪ್ಪನನ್ನು ಮತ್ತೆ ಸ್ಟೂಲಿನ ಮೇಲೆ ಕೂರಿಸಿದರು.

ಆ ಮಕ್ಕಳ ಹೆಸರು ಶಾಲೆಯ ಪಟ್ಟಿಗೆ ಏರಲು ಮೂರು ತಿಂಗಳು ಹಿಡಿಯಿತು. ಕಚೇರಿಯವರು ಎರಡು ಸಲ ಪಟ್ಟಿ ವಾಪಸ್ ಕಳಿಸಿದರು, ಒಮ್ಮೆ ಕಳೆದೇಹಾಕಿದರು. ಮೂವತ್ತೇಳರಲ್ಲಿ ಆರು ಜನ ನಡುವೆ ಬಿಟ್ಟರು. ಅವರಲ್ಲಿ ಇಬ್ಬರನ್ನು ಮಿಸ್ ಮನೆಗೇ ಹೋಗಿ ಕರೆತಂದರು. ಉಳಿದ ನಾಲ್ವರು ಬರಲಿಲ್ಲ. ಎತ್ತರದ ಹುಡುಗಿಗೆ ಬೀಜಗಣಿತ ಎಷ್ಟು ಮಾಡಿದರೂ ತಲೆಗೆ ಹತ್ತಲಿಲ್ಲ. ನಕಾಶೆ ಬಿಡಿಸುವುದರಲ್ಲಿ ಮಾತ್ರ ಅವಳ ಸಮಕ್ಕೆ ಯಾರೂ ಇರಲಿಲ್ಲ.

ಅದೆಲ್ಲ ಆಮೇಲಿನ ಮಾತು. ಎರಡನೆಯ ದಿನ ಬೆಳಿಗ್ಗೆ ಚೌಕದ ಮಿಸ್ ತಾವೇ ಆ ಬಸ್ಸು ಹತ್ತಿ ಡ್ರೈವರನ ಹಿಂದಿನ ಸೀಟಿನಲ್ಲಿ ಕೂತರು. ಗೋದಾಮು ಬೀದಿಯ ತಿರುವಿನಲ್ಲಿ ಬಸ್ಸು ನಿಧಾನವಾಯಿತು. ಎರಡೂ ಬದಿ ಕಾಗದದ ಕಟ್ಟುಗಳು ಮನೆಯೆತ್ತರ ಪೇರಿಸಿದ್ದವು. ಅವುಗಳ ನಡುವೆ ನಿನ್ನೆಯ ಮಕ್ಕಳಷ್ಟೇ ಅಲ್ಲ, ಇಡೀ ಬೀದಿಯೇ ನಿಂತಿತ್ತು. ಸೊಂಟದಲ್ಲಿ ಕೂಸು ಹೊತ್ತ ಅಮ್ಮಂದಿರು, ಕೈಯ ಧೂಳು ಒರೆಸಿಕೊಳ್ಳುವ ಅಪ್ಪಂದಿರು, ಇನ್ನೂ ಹಾಲುಹಲ್ಲು ಬೀಳದ ಪುಟಾಣಿಗಳು. ಮಕ್ಕಳು ಒಬ್ಬೊಬ್ಬರಾಗಿ ಹತ್ತಿದರು.

ಕೊನೆಯಲ್ಲಿ ಒಬ್ಬ ಅಜ್ಜಿ ಮುಂದೆ ಬಂದು ಬಾಗಿಲ ಸರಳು ಹಿಡಿದಳು. ಹತ್ತಲಿಲ್ಲ, ಒಳಗೆ ಇಣುಕಿ ಕೇಳಿದಳು.

"ನಾಳೆನೂ ಬರುತ್ತೇನಪ್ಪಾ ಇದು?"

"ಭಾನುವಾರ ಬಿಟ್ಟು ದಿನಾ ಬರುತ್ತೆ ಅಜ್ಜಿ," ಎಂದ ಡ್ರೈವರ್.

ಅಜ್ಜಿ ಸರಳು ಬಿಟ್ಟು ಹಿಂದೆ ತಿರುಗಿದಳು. "ದಿನಾ ಅಂತೆ!" ಎಂದಳು. ಹಿಂದಿನವಳು ತನ್ನ ಹಿಂದಿನವಳಿಗೆ ಹೇಳಿದಳು. ಬಸ್ಸು ಹೊರಟಿತು. ಮಿಸ್ ಕಿಟಕಿಯಿಂದ ತಲೆ ಹೊರಹಾಕಿ ಕೇಳಿಸಿಕೊಂಡರು. ಆ ಮಾತು ಬಾಗಿಲಿಂದ ಬಾಗಿಲಿಗೆ, ಬೀದಿಯ ಆಚೆ ತುದಿಯವರೆಗೆ ಹೋಗುತ್ತಲೇ ಇತ್ತು.